ಮೀಡಿಯಂ ಗಿಳಿಗೆ ಕಾಫಿ ಪಾಠ

ಇಲ್ಲಿ ಬರೆದಿರುವ ಒಂದೊಂದು ಅಕ್ಷರವೂ ಸತ್ಯ. ನಂಬಿಕೆ ಬಾರದಿದ್ದರೆ ಸಕಲೇಶಪುರದ ಹತ್ತಿರದ ಹಾನುಬಾಳಿಗೆ ಬನ್ನಿ, ನಮ್ಮ ತೋಟದ ಯಾವ ಕಾಫಿ ಗಿಡ ಮುಟ್ಟಿ ಆಣೆ ಮಾಡು ಎಂದರೂ ಮಾಡುತ್ತೇನೆ. ಅರೇಬಿಕಾ ಮುಟ್ಟಬೇಕೋ ರೋಬಸ್ಟಾ ಮುಟ್ಟಬೇಕೋ, ಅದು ನಿಮ್ಮ ಇಷ್ಟ. ಬೇರೆಯವರ ಬದುಕಿನಲ್ಲಿ ಅಪರೂಪಕ್ಕೊಮ್ಮೆ ನಡೆಯುವ ವಿಚಿತ್ರಗಳು ನನ್ನ ಬದುಕಿನಲ್ಲಿ ವಾರದ ಸಂತೆಯ ಹಾಗೆ ತಪ್ಪದೆ ನಡೆಯುತ್ತವೆ. ನಾನೇನೂ ಅವನ್ನು ಕರೆಯಲು ಹೋಗುವುದಿಲ್ಲ. ಪ್ರತಿಭೆ ಇರುವ ಕಡೆ ಇಂಥವು ತಾವಾಗಿಯೇ ವಿಳಾಸ ಕೇಳಿಕೊಂಡು ಬರುತ್ತವೆ. ಜೀವನದಲ್ಲಿ ಮೊದಲ ಸಲ ಒಂದು ಹಕ್ಕಿ ಸಾಕೋಣ ಎಂದು ಹೊರಟಾಗಲೂ ಹೀಗೇ ಆಯಿತು.

ದೊಡ್ಡದೂ ಬೇಡ, ಚಿಕ್ಕದೂ ಬೇಡ

ಎಲ್ಲಕ್ಕೂ ಕಾರಣ ನನ್ನ ಷಡ್ಡಕರು. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಆಲೂರು ಕಡೆಯವರು, ಶುಂಠಿಯಲ್ಲಿ ಗೆದ್ದವರು. ಶುಂಠಿಯಲ್ಲಿ ಗೆದ್ದವರು ಮೊದಲು ಹೊಸ ಜೀಪು ತರುತ್ತಾರೆ, ಆಮೇಲೆ ಮನೆಯ ಮುಂದೆ ಯಾವ ಭಾರವನ್ನೂ ಹೊರದ ನಾಲ್ಕು ಕಂಬ ನಿಲ್ಲಿಸುತ್ತಾರೆ. ಇವರು ಅವೆರಡನ್ನೂ ಮುಗಿಸಿ, ಇನ್ನೇನು ಮಾಡುವುದೆಂದು ತೋಚದೆ ಒಂದು ಮಕಾವ್ ಗಿಳಿ ತಂದರು. ಮೊಳಕ್ಕಿಂತ ಉದ್ದ. ಕೆಂಪು, ನೀಲಿ, ಹಳದಿ. ಎಲ್ಲ ಪಕ್ಷಗಳ ಬಾವುಟ ಸೇರಿಸಿ ಹೊಲಿದ ಹಾಗಿತ್ತು.

ನಾವು ನೋಡಲು ಹೋದೆವು. ಹಕ್ಕಿ ನನ್ನನ್ನು ಕಂಡು "ನಮಸ್ಕಾರ" ಅಂದಿತು. ನಾನು ವಿನಯದಿಂದ ಬಗ್ಗಿ ಕೈ ಮುಗಿಯುವಷ್ಟರಲ್ಲಿ ನನ್ನ ಅಂಗಿಯ ಮೇಲಿನ ಗುಂಡಿ ಅದರ ಬಾಯಲ್ಲಿತ್ತು. ದೊಡ್ಡವರ ಮನೆಯ ಹಕ್ಕಿ ನೋಡಿ, ನಮಸ್ಕಾರದ ಜೊತೆಗೇ ಕಿತ್ತುಕೊಳ್ಳುವುದನ್ನೂ ಕಲಿತಿತ್ತು.

ನನ್ನ ಹೆಂಡತಿ ಗುಂಡಿಯನ್ನು ನೋಡಲಿಲ್ಲ, ಹಕ್ಕಿಯನ್ನು ನೋಡುತ್ತಿದ್ದಳು. "ಅಕ್ಕನ ಮನೇಲಿ ಹಕ್ಕಿ ಮಾತಾಡ್ತೈತೆ. ನಮ್ಮನೇಲಿ ನೀವೊಬ್ರೇ ಮಾತಾಡೋದು" ಅಂದಳು. ಆ ದನಿಯಲ್ಲಿ ಮೂವತ್ತು ವರ್ಷದ ಸಂಸಾರ ಇತ್ತು.

ನಾನು ಸುಮ್ಮನಿರಬೇಕಿತ್ತು. ಆದರೆ ಸುಮ್ಮನಿರುವುದು ನಮ್ಮ ವಂಶದಲ್ಲಿಲ್ಲ. "ನಮಸ್ಕಾರ ಅನ್ನೋದೇನು ಮಹಾ? ಓಟು ಕೇಳೋಕೆ ಬರೋರೂ ಅಂತಾರೆ. ನಾನೊಂದು ಗಿಳಿ ತರ್ತೀನಿ. ಗೇಟು ದಾಟಿ ಬಂದೋರನ್ನ 'ಬನ್ನಿ ಬನ್ನಿ, ಕಾಫಿ ಕುಡೀರಿ' ಅಂತ ಕರೀತೈತೆ. ನಮ್ಮ ಕಡೆ ಮರ್ಯಾದೆ ಅಂದ್ರೆ ಅದು. ನೀವು ಹಲಸಿನ ಹಣ್ಣಿಗೆ ಬರೋ ಹೊತ್ತಿಗೆ ಕರೀದಿದ್ರೆ ಕೇಳಿ" ಎಂದೆ. ಷಡ್ಡಕರು ಪ್ರತಿವರ್ಷ ಹಲಸು ಹಣ್ಣಾಗುವ ಕಾಲಕ್ಕೆ ನಮ್ಮ ಮನೆಗೆ ತಪ್ಪದೆ ಬರುತ್ತಾರೆ. ಅದೇ ಮರಕ್ಕೆ ಅಷ್ಟೇ ತಪ್ಪದೆ ಬರುವ ಇನ್ನೊಬ್ಬರೆಂದರೆ ಆನೆ.

"ಕರೀದಿದ್ರೆ ಏನು ಮಾಡ್ತೀಯೋ ತಮ್ಮ?" ಎಂದರು ಷಡ್ಡಕರು.

ನನಗಿಂತ ಮೊದಲು ಹೆಂಡತಿ ಉತ್ತರ ಕೊಟ್ಟಳು. "ಕರೀದಿದ್ರೆ ಭಾವ, ಅವತ್ತಿನಿಂದ ಇವರು ಯಾವ ಮದುವೆ ಮನೇಲೂ, ಯಾವ ಗೃಹಪ್ರವೇಶದಲ್ಲೂ ಕಥೆ ಹೇಳಂಗಿಲ್ಲ. ಊಟ ಮಾಡ್ಬೇಕು, ಎಲೆ ಅಡಿಕೆ ಹಾಕ್ಕೋಬೇಕು, ಬಾಯಿ ಮುಚ್ಕೊಂಡು ಬಸ್ಸು ಹತ್ಬೇಕು."

ಅಲ್ಲಿದ್ದ ನೆಂಟರೆಲ್ಲ ಇಷ್ಟೊಂದು ಒಮ್ಮತದಿಂದ ತಲೆಯಾಡಿಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಯೋಚಿಸಿ, ಮಂಡಿನೋವಿದ್ದವನಿಗೆ ಕಾಲು ಕತ್ತರಿಸುತ್ತೇವೆ ಎಂದರೆ ಹೇಗೆ? ಕಥೆ ಇಲ್ಲದ ಮದುವೆ ಮನೆಯಲ್ಲಿ ನಾನು ಯಾರು? ಬರೀ ಪಾಯಸ ಎರಡು ಸಲ ಹಾಕಿಸಿಕೊಂಡ ಮುದುಕ.

ಬಸ್ಸಿನಲ್ಲಿ ವಾಪಸು ಬರುವಾಗ ಯಾವ ಗಿಳಿ ಎಂಬ ಚರ್ಚೆ ಶುರುವಾಯಿತು. ಮಕಾವ್ ತಂದರೆ ಕಾಫಿ ಸ್ಟೋರನ್ನೇ ಪಂಜರ ಮಾಡಬೇಕು. ಲವ್‌ಬರ್ಡ್ಸ್ ತಂದರೆ ನಮ್ಮ ಬೆಕ್ಕಿಗೆ ತಿಂಡಿ ತಂದ ಹಾಗೆ. "ಮೀಡಿಯಂ ತಗೊಳ್ಳಿ" ಎಂದಳು ಹೆಂಡತಿ. ಅವಳು ನನ್ನ ಬನಿಯನ್ನಿನಿಂದ ಹಿಡಿದು ಕುಕ್ಕರಿನವರೆಗೆ ಎಲ್ಲ ಮೀಡಿಯಮ್ಮೇ ತರುವುದು.

"ಗಿಳೀಲಿ ಮೀಡಿಯಂ ಅಂದ್ರೆ ಎಷ್ಟೇ?"

"ನಿಮ್ಮ ಭುಜದ ಮೇಲೆ ಕೂತ್ರೆ ಎದ್ದು ಕಾಣ್ಬೇಕು. ಆದ್ರೆ ಮುಖ ಮುಚ್ಬಾರ್ದು." ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ತಿದ್ದಿಕೊಂಡಳು. "ಮುಚ್ಚಿದ್ರೂ ಪರವಾಗಿಲ್ಲ ಬುಡಿ."

ಬೋಂಡ ತಿನ್ನುವವರ ಸಲಹೆ

ಹಾನುಬಾಳಿನ ಕಾಫಿ ಹೋಟೆಲಿನಲ್ಲಿ ನೀವು ಏನನ್ನಾದರೂ ಕೇಳಬಹುದು, ಗೊತ್ತಿಲ್ಲ ಎನ್ನುವವರು ಸಿಗುವುದಿಲ್ಲ. ನಾನು ಗಿಳಿ ಎಂದೆ. ಜೀಪು ಓಡಿಸುವವನು ತಕ್ಷಣ, "ಗಿಳಿಗೆ ಯಾಕೆ ಅಂಗಡಿಗೆ ಹೋಗ್ತೀರಿ ಮಾರಾಯ್ರೇ? ನಿಮ್ಮ ಗದ್ದೆಗೇ ಹಿಂಡು ಹಿಂಡು ಇಳೀತಾವೆ. ಒಂದನ್ನ ಹಿಡ್ಕೊಳ್ಳಿ" ಎಂದ.

ಪಕ್ಕದ ಬೆಂಚಿನಲ್ಲಿ ಅರಣ್ಯ ಇಲಾಖೆಯ ವಾಚರ್ ಬೋಂಡ ತಿನ್ನುತ್ತಿದ್ದ. ಬೋಂಡ ಕೆಳಗಿಟ್ಟ. "ಹಿಡಿದ್ರೆ ಕೇಸು ಸ್ವಾಮಿ. ನಮ್ಮ ಕಾಡಿನ ಗಿಳೀನ ಪಂಜರದಲ್ಲಿ ಇಡಂಗಿಲ್ಲ."

"ಅದು ನನ್ನ ಭತ್ತ ತಿಂದ್ರೆ?"

"ಅದು ಅದರ ಸ್ವಭಾವ."

"ನಾನು ಅದನ್ನ ಹಿಡಿದ್ರೆ?"

"ಅದು ನಿಮ್ಮ ಅಪರಾಧ."

"ಆನೆ ನನ್ನ ಬಾಳೆ ತುಳಿದ್ರೆ?"

"ಅದೂ ಸ್ವಭಾವ."

"ಹಂಗಾದ್ರೆ ಈ ತಾಲ್ಲೂಕಲ್ಲಿ ಸ್ವಭಾವ ಅನ್ನೋದು ಇಲ್ದೋನು ನಾನೊಬ್ನೇನಾ?"

ವಾಚರ್ ಮತ್ತೆ ಬೋಂಡ ಎತ್ತಿಕೊಂಡ. "ಅದನ್ನ ನಿಮ್ಮ ಮನೆಯೋರನ್ನ ಕೇಳ್ಬೇಕು."

ಅವನು ಹೇಳಿದ್ದು ಸರಿಯೇ. ಕಾಡಿನ ಗಿಳಿ ಕಾಡಿನಲ್ಲೇ ಇರಲಿ. ಸಾಕುವುದಾದರೆ ಪಂಜರದಲ್ಲೇ ಹುಟ್ಟಿ ಬೆಳೆದ ವಿದೇಶಿ ಜಾತಿಯದನ್ನು, ಕಾಗದಪತ್ರ ಸರಿ ಇರುವುದನ್ನು ಹಾಸನದ ಅಂಗಡಿಯಿಂದ ತರುವುದು ಎಂದಾಯಿತು. ಹೊರಡಬೇಕೆನ್ನುವಷ್ಟರಲ್ಲಿ ಮೂಲೆಯಲ್ಲಿದ್ದ ದನದ ದಲ್ಲಾಳಿ ಕೈ ಹಿಡಿದು ಕೂರಿಸಿದ. ಅವನು ನಮ್ಮ ಸೀಮೆಯ ಅರ್ಧ ಜನರ ಎತ್ತುಗಳನ್ನು ಉಳಿದರ್ಧ ಜನರಿಗೆ ಮಾರಿದವನು.

"ಗೌಡ್ರೇ, ಮೋಸ ಹೋಗ್ಬೇಡಿ. ಮೊದಲು ಸುಳಿ ನೋಡಿ. ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡಿ."

"ಗಿಳಿಗೆ ಹಲ್ಲಿರಲ್ಲಪ್ಪ."

ದಲ್ಲಾಳಿ ಕನಿಕರದಿಂದ ನನ್ನ ಬೆನ್ನು ತಟ್ಟಿದ. "ಹಲ್ಲಿಲ್ಲ ಅಂದ್ರೆ ಮುದಿ ಮಾಲು. ಬ್ಯಾಡವೇ ಬ್ಯಾಡ."

ಹೆಣ್ಣು ನೋಡುವ ಶಾಸ್ತ್ರ

ಹಾಸನದ ಅಂಗಡಿಗೆ ಹೊರಟ ದಿನ ಹೆಂಡತಿ ರೇಷ್ಮೆ ಸೀರೆ ಉಟ್ಟಳು. "ಹಕ್ಕಿ ನೋಡೋಕೆ ರೇಷ್ಮೆ ಯಾಕೆ?" ಎಂದೆ. "ಮೊದಲನೇ ಸಲ ಮುಖ ನೋಡ್ತೈತೆ, ಒಳ್ಳೆ ಮನೆತನ ಅಂತ ಅನ್ನಿಸ್ಬೇಡ್ವಾ?" ಎಂದಳು. ನನಗೂ ಹೊಸ ಪಂಚೆ ಉಡಿಸಿದಳು.

ಅಂಗಡಿಯವನು ಎರಡು ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂರಿಸಿದ. "ಮೊದಲನೇ ಹಕ್ಕಿನಾ ಸಾರ್?" ಎಂದು ಕೇಳಿದ.

"ಹಕ್ಕಿ ಮೊದಲನೇದು. ಆದ್ರೆ ನಾಯಿ ಸಾಕಿದ್ದೀನಿ, ಎಮ್ಮೆ ಸಾಕಿದ್ದೀನಿ, ಜೇನು ಸಾಕಿದ್ದೀನಿ. ಒಂದು ಸಲ ಒಂದು ಕಾಡುಹಂದಿ ನನ್ನ ಹಿಂದೇನೇ ಮಾರನಹಳ್ಳಿವರೆಗೆ ಪ್ರೀತಿಯಿಂದ ನಡ್ಕೊಂಡು ಬಂದಿತ್ತು" ಎಂದೆ.

"ಅಟ್ಟಿಸ್ಕೊಂಡು ಬಂದಿತ್ತು" ಎಂದಳು ಹೆಂಡತಿ.

ಒಂದೊಂದೇ ಹಕ್ಕಿಯನ್ನು ತಂದು ತೋರಿಸತೊಡಗಿದ. ಮೊದಲು ಬಂದದ್ದು ಸನ್ ಕನೂರ್. ಅರಿಶಿನ ಕುಂಕುಮ ಬೆರೆಸಿದಂಥ ಬಣ್ಣ, ನೋಡಲು ಲಕ್ಷಣವಾಗಿತ್ತು. ಬಾಯಿ ತೆರೆಯಿತು ನೋಡಿ, ಸಿಲ್ವರ್ ಓಕ್ ಮರ ಕುಯ್ಯುವ ಮಿಷನ್ ಶುರು ಮಾಡಿದ ಹಾಗಾಯಿತು. ಹೆಂಡತಿ ಕಿವಿ ಮುಚ್ಚಿಕೊಂಡು, "ಇಂಥ ನಾದಿನಿ ಒಬ್ಬಳು ಆಗ್ಲೇ ಅವಳೆ, ಒಳಗಿಡಿ" ಎಂದಳು. ನನ್ನ ತಂಗಿಯ ವಿಷಯ ಅಲ್ಲಿ ಏಕೆ ಬಂತೋ ಕಾಣೆ. ಆಮೇಲೆ ಕಾಕಟೀಲ್. ತಲೆಯ ಮೇಲೆ ಜುಟ್ಟು, ಬಾಯಲ್ಲಿ ಸಿಳ್ಳೆ. "ಮಾತು ಕಮ್ಮಿ ಸಾರ್, ಸಿಳ್ಳೆ ಚೆನ್ನಾಗಿ ಹೊಡೀತೈತೆ." ಹೆಣ್ಣುಮಕ್ಕಳು ಓಡಾಡುವ ಮನೆಗೆ ಸಿಳ್ಳೆ ಹೊಡೆಯುವವನನ್ನು ಕರೆದೊಯ್ಯಲು ಒಪ್ಪಲಿಲ್ಲ.

ಕೊನೆಗೆ ಬಂದದ್ದು ಕ್ವೇಕರ್ ಎಂಬ ಜಾತಿ. ಹಸಿರು ಬೆನ್ನು, ಬೂದು ಎದೆ. ಸಭೆಗೆ ಹೊರಟ ಪಂಚಾಯ್ತಿ ಮೆಂಬರ್ ವೇಸ್ಟ್‌ಕೋಟು ತೊಟ್ಟ ಹಾಗೆ. ಕಿರುಚಲಿಲ್ಲ, ಸಿಳ್ಳೆ ಹೊಡೆಯಲಿಲ್ಲ. ನಮ್ಮಿಬ್ಬರನ್ನು ತಲೆಯಿಂದ ಕಾಲಿನವರೆಗೆ ನೋಡಿತು.

"ಇದೇ ಸಾರ್ ಮೀಡಿಯಂ. ಮಾತು ಕಲೀತೈತೆ. ಇಪ್ಪತ್ತು ಇಪ್ಪತ್ತೈದು ವರ್ಷ ಬದುಕ್ತೈತೆ. ಆದ್ರೆ ಸುಮ್ನೆ ತಗೊಂಡು ಹೋಗಿ ಮೂಲೇಲಿಟ್ರೆ ಆಗಲ್ಲ. ದಿನಾ ಹಣ್ಣು ತರಕಾರಿ ಕೊಡ್ಬೇಕು. ದಿನಾ ಪಂಜರದಿಂದ ಹೊರಗೆ ಬುಟ್ಟು ಓಡಾಡಿಸ್ಬೇಕು. ಪಕ್ಕದಲ್ಲಿ ಕೂತು ಮಾತಾಡಿಸ್ಬೇಕು. ಒಂದೇ ಬುಟ್ರೆ ಬೇಜಾರಾಗಿ ಗರಿ ಕಿತ್ಕೊಳ್ತೈತೆ."

ಹೆಂಡತಿ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು. ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ಅಂಗಡಿಯವನಿಗೆ, "ಹಿಂಗೆಲ್ಲ ನೋಡ್ಕೊಳ್ತಾರೆ ಅಂತ ಮೊದಲೇ ಗೊತ್ತಿದ್ರೆ ನಾನೂ ಹಕ್ಕಿಯಾಗೇ ಹುಟ್ತಿದ್ದೆ ಕಣಪ್ಪ" ಎಂದಳು.

ಅಂಗಡಿಯವನು ನಕ್ಕು, "ನೀವು ಆರಿಸಿದ್ರೆ ಸಾಲ್ದು ಅಮ್ಮಾ, ಅದೂ ಒಪ್ಬೇಕು. ಕೈ ಚಾಚಿ" ಎಂದ. ನಾನು ಬೆರಳು ಚಾಚಿದೆ. ಕಚ್ಚಿತು. ಹೆಂಡತಿ ಚಾಚಿದಳು. ಬೆರಳು ಹತ್ತಿ, ತೋಳು ಹತ್ತಿ, ರೇಷ್ಮೆ ಸೀರೆಯ ಸೆರಗಿನೊಳಗೆ ಮುಖ ಹುದುಗಿಸಿತು.

"ಸಂಬಂಧ ಕುದುರಿತು" ಎಂದ ಅಂಗಡಿಯವನು. ನಾನು ಬೆರಳಿಗೆ ಪಂಚೆಯ ಅಂಚು ಸುತ್ತಿಕೊಂಡು ಬೀಗರ ಹಾಗೆ ಒಂದು ಕಡೆ ನಿಂತುಕೊಂಡೆ.

ಕುಡಿಯದವರ ಬಾಯಲ್ಲಿ ಕಾಫಿ

ಅಂಗಡಿಯವನು ಕಳಿಸುವಾಗ ಒತ್ತಿ ಹೇಳಿದ್ದು ಎರಡು ಮಾತು: ಕಾಫಿ ಕೊಡಬಾರದು, ಬೆಣ್ಣೆಹಣ್ಣು ಕೊಡಬಾರದು. ಎರಡೂ ಗಿಳಿಗೆ ವಿಷವಂತೆ. ನಮ್ಮ ತೋಟದಲ್ಲಿ ಹೆಚ್ಚು ಬೆಳೆಯುವುದೇ ಅವೆರಡು! ತಾನು ಕಾಫಿ ಮುಟ್ಟದ ಜೀವಿಯ ಬಾಯಲ್ಲಿ ಊರಿಗೆಲ್ಲ ಕಾಫಿ ಕುಡೀರಿ ಅನ್ನಿಸಬೇಕು. ನಾನು ಎದೆಗುಂದಲಿಲ್ಲ. ಮೈಕಿನ ಮುಂದೆ ನಿಂತು ಊರಿಗೆ ಬುದ್ಧಿ ಹೇಳುವವರೆಲ್ಲ ಅದನ್ನು ಮನೆಯಲ್ಲಿ ಪಾಲಿಸುತ್ತಾರೆಯೇ?

ತಿನ್ನುವುದರಲ್ಲಿ ಅದಕ್ಕೆ ಇಷ್ಟವಾದದ್ದು ಜೀರಿಗೆ ಮೆಣಸಿನಕಾಯಿ. ನಮ್ಮಲ್ಲಿ ಒಂದು ಹಾಕಿದರೆ ಒಂದು ಪಾತ್ರೆ ಸಾರು ಕಣ್ಣೀರು ತರಿಸುತ್ತದೆ. ಇದು ಕಡಲೆಬೀಜದ ಹಾಗೆ ತಿನ್ನುತ್ತಿತ್ತು. "ಹಕ್ಕಿಗೆ ಖಾರ ಗೊತ್ತಾಗಲ್ವಂತೆ" ಎಂದಳು ಹೆಂಡತಿ. "ನನಗೂ ಗೊತ್ತಾಗಲ್ಲ" ಎಂದು ನಾನೊಂದು ಬಾಯಿಗೆ ಹಾಕಿಕೊಂಡು ಅಗಿದೆ. ಆ ದಿನವೆಲ್ಲ ಮನೆಯಲ್ಲಿ ಮಾತು ಬಾರದ ಪ್ರಾಣಿ ನಾನಾಗಿದ್ದೆ.

ಪಾಠ ಬೆಳಿಗ್ಗೆ ಶುರುವಾಗುತ್ತಿತ್ತು. ಜಗುಲಿಯಲ್ಲಿ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು, ಗಿಳಿಯ ಗಂಟಲಿಗೆ ಹತ್ತಿರವಾಗಲೆಂದು ಕೀರಲು ದನಿ ಮಾಡಿಕೊಂಡು, "ಬನ್ನಿ ಬನ್ನಿ, ಕಾಫಿ ಕುಡೀರಿ" ಎನ್ನುತ್ತಿದ್ದೆ. ಅದು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುತ್ತಿತ್ತು. ಮಧ್ಯಾಹ್ನವೂ ಪಾಠ, ಸಂಜೆಯೂ ಪಾಠ. ಮೆಣಸು ಬಿಡಿಸುವ ಕಾಲ ಮುಗಿಯಿತು, ಹೂಮಳೆ ಬಂತು, ತೋಟವೆಲ್ಲ ಬೆಳ್ಳಗೆ ಅರಳಿ ಕಾಯಿ ಕಟ್ಟಿತು. ಹಲಸಿನ ಮರದಲ್ಲಿ ಕಾಯಿ ಬಲಿಯುತ್ತಾ ಬಂತು. ಗಿಳಿ ಮಾತ್ರ ತುಟಿ ಬಿಚ್ಚಲಿಲ್ಲ. ಅದಕ್ಕೆ ತುಟಿಯೂ ಇರಲಿಲ್ಲ.

"ಯಾಕೋ ಪಾಠ ತಪ್ಪು ಮನುಷ್ಯನಿಗೆ ಹತ್ತೈತೆ ಅನ್ನಿಸ್ತೈತೆ" ಎಂದಳು ಹೆಂಡತಿ.

ಹಾಗೆಂದದ್ದಕ್ಕೆ ಕಾರಣವಿತ್ತು. ಹಿಂದಿನ ದಿನ ಸಕಲೇಶಪುರದಿಂದ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಭುಜ ತಟ್ಟಿ "ಎಲ್ಲಿಗೆ?" ಅಂದಿದ್ದ. ತೂಕಡಿಸುತ್ತಿದ್ದ ನಾನು ಬೆಚ್ಚಿಬಿದ್ದು, ಅದೇ ಕೀರಲು ದನಿಯಲ್ಲಿ, "ಬನ್ನಿ ಬನ್ನಿ, ಕಾಫಿ ಕುಡೀರಿ" ಅಂದಿದ್ದೆ. ಕಂಡಕ್ಟರ್ ಪಾಪ, "ಡ್ಯೂಟೀಲಿದ್ದೀನಿ ಸಾರ್, ಇನ್ನೊಂದಿನ ಬರ್ತೀನಿ" ಎಂದಿದ್ದ.

ಹೊಸ ಮೇಷ್ಟ್ರು

ನಮ್ಮ ಕಡೆ ಬೆಳಗಾದರೆ ಮೊದಲು ಕೇಳುವುದು ಆನೆ ಎಲ್ಲಿದೆ ಎಂದು. ಮಳೆ, ಕಾಫಿ ರೇಟು, ಮಗಳ ಮದುವೆ ಎಲ್ಲ ಆಮೇಲೆ. ಆನೆ ಊರಿಗೆ ಹತ್ತಿರ ಬಂದರೆ ಅರಣ್ಯ ಇಲಾಖೆಯ ಜೀಪು ಮೈಕಿನಲ್ಲಿ ಕೂಗುತ್ತಾ ರಸ್ತೆಯಲ್ಲಿ ಹೋಗುತ್ತದೆ. ಆ ವಾರ ಎರಡು ಸಲ ಹೋಯಿತು. ಅಷ್ಟೇ. ಎರಡೇ ಸಲ!

ಎರಡನೇ ಸಲ ಹೋದ ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಆಳುಗಳು ಸೇರಿದ್ದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೂಡ ಏನೋ ಕೇಳಲು ಬಂದು ನಿಂತಿದ್ದ. ಜಗುಲಿಯಿಂದ ಮೊದಲು ಮೈಕಿನ 'ಗರ್‌ರ್' ಸದ್ದು ಬಂತು, ಆಮೇಲೆ ಸ್ಪಷ್ಟವಾದ ಕನ್ನಡ: "ಆನೆ ಬಂದೈತೆ! ಆನೆ ಬಂದೈತೆ! ಯಾರೂ ಹೊರಗೆ ಬರ್ಬೇಡಿ!"

ಆಳುಗಳು ಸ್ಟೋರಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ರೈಟರ್ ತಾನು ತಂದಿದ್ದ ಎಸ್ಟೇಟ್ ಜೀಪಿನ ಮೇಲೆ ಹತ್ತಿದ. ಒಳಗಲ್ಲ, ಟಾಪಿನ ಮೇಲೆ. ಅಲ್ಲಿಂದಲೇ ಊರಿನವರ ಆನೆ ಸುದ್ದಿಯ ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದ. ಒಬ್ಬ "ನಾನೂ ಕಂಡೆ" ಎಂದು ಬರೆದ. ಇನ್ನೊಬ್ಬ ಒಂಟಿ ಸಲಗ, ಬಲಗಡೆ ದಂತ ಮುರಿದಿದೆ ಎಂದು ಬರೆದ. ಮತ್ತೊಬ್ಬ ಫೋಟೋವನ್ನೇ ಹಾಕಿದ. ಆನೆಯ ಹಿಂದೆ ತೆಂಗಿನ ಮರ, ಸಮುದ್ರ ಎಲ್ಲ ಇದ್ದವು. ಕೂಗಿದ್ದು ಗಿಳಿ ಎಂದು ಹೇಳಲು ನಾನು ಬಾಯಿ ತೆರೆದೆ. ಆದರೆ ಕಂಡವರು ಅಷ್ಟೊಂದು ಜನ ಇರುವಾಗ ಕಾಣದವನ ಮಾತು ಯಾರು ಕೇಳುತ್ತಾರೆ?

ಸ್ವಲ್ಪ ಹೊತ್ತಿಗೆ ಗ್ರೂಪಿನ ಸುದ್ದಿ ಕೇಳಿ ಇಲಾಖೆಯ ಜೀಪೂ ಬಂತು. ನಮ್ಮ ಗೇಟಿನ ಮುಂದೆಯೇ ನಿಂತು ಮೈಕಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಕೂಗಿತು. ಗಿಳಿ ಪಂಜರದ ಕಂಬಿಗೆ ಅಂಟಿಕೊಂಡು, ತಲೆ ವಾಲಿಸಿ ಕೇಳಿಸಿಕೊಂಡು, ತನ್ನ ಉಚ್ಚಾರಣೆ ತಿದ್ದಿಕೊಂಡಿತು.

ಹಲಸು ಹಣ್ಣಾಯಿತು

ಕೊನೆಗೂ ಆ ಭಾನುವಾರ ಬಂತು. ಷಡ್ಡಕರು, ಹೆಂಡತಿಯ ಅಕ್ಕ ಇಬ್ಬರೂ ಹೊಸ ಜೀಪಿನಿಂದ ಇಳಿದರು. ಷಡ್ಡಕರದು ತುಂಬಿದ ಮೈಕಟ್ಟು, ಅದರ ಮೇಲೆ ಬೂದು ಬಣ್ಣದ ಸಫಾರಿ. ಅವರು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೇ ತಡ, ಗಿಳಿ ರೆಕ್ಕೆ ಕೆದರಿ, "ಗರ್‌ರ್... ಆನೆ ಬಂದೈತೆ! ಯಾರೂ ಹೊರಗೆ ಬರ್ಬೇಡಿ!" ಎಂದಿತು.

ಅಕ್ಕ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಷಡ್ಡಕರ ಮುಖ ಮಾತ್ರ ಅರಳಿತು. "ತಮ್ಮ, ಇದೇನಾ ಕಾಫಿ? ಸೋತ್ಬುಟ್ಟೆ ಕಣೋ. ಬರೋ ವಾರ ನಮ್ಮ ದಾಯಾದಿ ಮನೆ ಮದುವೆ. ಬಾ, ಊಟ ಮಾಡು, ಎಲೆ ಅಡಿಕೆ ಹಾಕ್ಕೋ."

"ಅಣ್ಣ, ಇನ್ನೂ ದಿನ ಮುಗಿದಿಲ್ಲ" ಎಂದೆ.

ಅವರು ಹಿತ್ತಲಿನಲ್ಲಿ ಕುಳಿತು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಒಂದು ಹಣ್ಣನ್ನು ಪೂರ್ತಿ ಬಿಡಿಸಿ ತಿಂದರು. ಆಮೇಲೆ ಕೈ ತೊಳೆಯಲು ಬಚ್ಚಲಿಗೆ ಹೋದರು. ನಾನು ಜಗುಲಿಗೆ ಓಡಿ ಬಂದು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. "ಅಪ್ಪಾ, ತಾಯೀ, ಒಂದು ಸಲ ಅನ್ನು. ಒಂದೇ ಸಲ. ನನ್ನ ಬಾಯಿ ಉಳಿಸು."

ಗಿಳಿ ನನ್ನ ಭುಜದಾಚೆ ನೋಡುತ್ತಾ, "ಆನೆ ಬಂದೈತೆ" ಅಂದಿತು.

"ಅವರು ಬಚ್ಚಲಲ್ಲಿ ಅವ್ರೆ, ಸುಮ್ನಿರು."

"ಆನೆ ಬಂದೈತೆ! ಆನೆ ಬಂದೈತೆ!"

ಬೆನ್ನ ಹಿಂದೆ ಕೊಂಬೆ ಮುರಿದ ಸದ್ದಾಯಿತು. ತಿರುಗಿದೆ. ಅಂಗಳದ ಅಂಚಿನ ಹಲಸಿನ ಮರದ ಕೆಳಗೆ ಆನೆ ನಿಂತಿತ್ತು. ಸಫಾರಿ ತೊಟ್ಟದ್ದಲ್ಲ, ನಿಜವಾದದ್ದು. ನಾನು ಕುಳಿತಲ್ಲೇ ಪಂಜರವನ್ನು ತಬ್ಬಿಕೊಂಡೆ. ಒಳಗಿನಿಂದ ಹೆಂಗಸರು ಕಿಟಕಿಯಲ್ಲಿ ನೋಡಿ ಕಿರುಚಿದರು, ಅಕ್ಕ ಒಳಕೋಣೆಗೆ ಓಡಿದರು. ಬಚ್ಚಲಿನಲ್ಲಿದ್ದ ಷಡ್ಡಕರು "ಏನು? ಏನು?" ಎನ್ನುತ್ತಾ ಚಿಲಕ ತೆಗೆಯಲು ಹೆಣಗುತ್ತಿದ್ದರು, ಎಣ್ಣೆ ಕೈ, ಚಿಲಕ ಜಾರುತ್ತಿತ್ತು.

ಆಗ, ಅಷ್ಟು ತಿಂಗಳು ಕಾಫಿಯ ಮಾತೆತ್ತದ ನನ್ನ ಗಿಳಿ, ಊರಿಗೆಲ್ಲ ಕೇಳುವಂತೆ ಕೂಗಿತು: "ಬನ್ನಿ ಬನ್ನಿ, ಕಾಫಿ ಕುಡೀರಿ!"

ಆನೆ ಕಿವಿ ಅಗಲಿಸಿ ನಿಂತಿತು. ಅದಕ್ಕೆ ಪಟಾಕಿ ಹೊಡೆದವರಿದ್ದಾರೆ, ತಗಡು ಬಡಿದವರಿದ್ದಾರೆ. ಕಾಫಿಗೆ ಕರೆದವರು ಯಾರೂ ಇರಲಿಲ್ಲ. ಏನು ಮಾಡಬೇಕೆಂದು ಅದಕ್ಕೂ ತೋಚಲಿಲ್ಲ. ಒಂದು ಹಣ್ಣನ್ನು ಸೊಂಡಿಲಲ್ಲಿ ಎತ್ತಿಕೊಂಡು, 'ಅಯ್ಯೋ ಬೇಡ, ಈಗ ತಾನೇ ಆಯ್ತು' ಎನ್ನುವ ನೆಂಟರ ಹಾಗೆ ಸಂಕೋಚದಿಂದ ಹಿಂದೆ ಸರಿದು, ತೋಟದೊಳಗೆ ಇಳಿದುಹೋಯಿತು.

ಚಿಲಕ ಬಿಚ್ಚಿಕೊಂಡು ಷಡ್ಡಕರು ಹೊರಗೆ ಬಂದಾಗ ಅಂಗಳದಲ್ಲಿ ಹೆಜ್ಜೆ ಗುರುತು ಮಾತ್ರ ಇತ್ತು. ಅದನ್ನು ನೋಡಿದರು, ಪಂಜರವನ್ನು ನೋಡಿದರು, ನನ್ನ ಭುಜ ಹಿಡಿದುಕೊಂಡರು. "ಕೇಳಿಸ್ತು ಕಣೋ ತಮ್ಮ. ಕಿವಿಯಾರೆ ಕೇಳಿಸ್ತು. ನನ್ನ ಮಕಾವ್ ಬೆಕ್ಕು ಕಂಡ್ರೇ ತಲೆ ಒಳಗೆ ಎಳ್ಕೊಳ್ತೈತೆ. ನಿನ್ನ ಮೀಡಿಯಂ ಗಿಳಿ ಆನೇನೇ ಕಾಫಿಗೆ ಕರೀತಲ್ಲೋ! ಸೋತೆ. ಬರೋ ವಾರ ಮದುವೇಲಿ ಇದನ್ನ ನೀನೇ ಹೇಳ್ಬೇಕು."

ಹೇಳಿದೆ. ಆ ಮದುವೆಯಲ್ಲೂ ಹೇಳಿದೆ, ಆಮೇಲಿನ ಎಲ್ಲ ಮದುವೆಗಳಲ್ಲೂ ಹೇಳುತ್ತಿದ್ದೇನೆ.

ಮೊದಲೇ ಆಣೆ ಮಾಡಿದ್ದೇನೆ, ಇಲ್ಲಿ ಬರೆದದ್ದೆಲ್ಲ ಸತ್ಯ. ಒಂದೇ ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು. ಷಡ್ಡಕರು ಪತ್ರಿಕೆಯಲ್ಲಿ ಶುಂಠಿ ರೇಟು ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಆ ಹೊತ್ತಿನಲ್ಲಿ ಗಿಳಿ ಪಂಜರದ ಮೂಲೆ ಸೇರಿ ಗಪ್‌ಚಿಪ್ಪಾಗಿತ್ತು. ಆನೆಯನ್ನು ಕಾಫಿಗೆ ಕರೆದವನು ನಾನು. ಹೆದರಿಕೆಯಲ್ಲಿ ಬಾಯಿಗೆ ಬೇರೆ ಮಾತೇ ಬರಲಿಲ್ಲ, ಗಂಟಲೂ ತಾನಾಗಿಯೇ ಕೀರಲಾಗಿತ್ತು.

ಕಿಟಕಿಯಿಂದ ಎಲ್ಲ ನೋಡಿದ್ದ ಹೆಂಡತಿ, ಅಕ್ಕ ಭಾವ ಹೊರಡುವವರೆಗೂ ಗುಟ್ಟು ಬಿಟ್ಟುಕೊಡಲಿಲ್ಲ. ಜೀಪು ಗೇಟು ದಾಟಿದ ಮೇಲೆ ನನ್ನ ಮುಂದೆ ಒಂದು ಲೋಟ ಕಾಫಿ ಇಟ್ಟು, ಪಂಜರಕ್ಕೊಂದು ಮೆಣಸಿನಕಾಯಿ ಸಿಕ್ಕಿಸುತ್ತಾ ಅಂದಳು:

"ಅಂತೂ ನಮ್ಮನೇಲೂ ಒಂದು ಗಿಳಿ ಮಾತು ಕಲೀತು ಬುಡಿ."